ಮಾಲ್ಬೊರ್ಕ್ ಕೋಟೆ: ಯಾವ ಇಟ್ಟಿಗೆ ಯಾವ ಕಾಲದ್ದು?

ಪೋಲೆಂಡಿನ ಮಾಲ್ಬೊರ್ಕ್ ಕೋಟೆ ಎಷ್ಟು ಹಳೆಯದು ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. 1270ರ ದಶಕದಲ್ಲಿ ಕಟ್ಟಲು ಶುರು ಮಾಡಿದ್ದು, ಹತ್ತಿರ ಹತ್ತಿರ 750 ವರ್ಷ. ಉತ್ತರ ಸರಿಯಾಗೇ ಇದೆ. ಆದರೆ ಅಲ್ಲಿ ಕಣ್ಣಿಗೆ ಬೀಳುವ ಎಲ್ಲ ಇಟ್ಟಿಗೆಗೂ ಅಷ್ಟು ವಯಸ್ಸಾಗಿಲ್ಲ. ಕೆಲವು 1280ರ ಕಾಲದವು. ಕೆಲವು 1390ರ ಕಾಲದವು. ಬಹಳಷ್ಟು ಇಟ್ಟಿಗೆ 1882ರಿಂದ 1920ರ ನಡುವೆ ಗೋಡೆ ಸೇರಿದವು. ಇನ್ನೂ ಬಹಳಷ್ಟು 1960ರಿಂದೀಚೆಗೆ ಇಟ್ಟವು. ಚರ್ಚಿನ ಹೊರಗೋಡೆಯ ಗೂಡಿನಲ್ಲಿ ನಿಂತಿರುವ ಎಂಟು ಮೀಟರ್ ಎತ್ತರದ ಮೇರಿ ಮಾತೆಯ ಮೂರ್ತಿ 2016ರದ್ದು.

ಇದನ್ನು ಕೇಳಿದ ಕೂಡಲೇ ಕೆಲವರ ಮುಖ ಸಣ್ಣದಾಗುತ್ತದೆ. ‘ಅಂದರೆ ಇದು ನಿಜವಾದ ಹಳೇ ಕೋಟೆ ಅಲ್ವಾ?’ ಅನ್ನುತ್ತಾರೆ. ನನಗೆ ಆ ಪ್ರಶ್ನೆಯೇ ಸರಿ ಕಾಣುವುದಿಲ್ಲ. ಎರಡು ಸಲ ಹಾಳಾಗಿ ಎರಡು ಸಲ ಎದ್ದು ನಿಂತ ಕಟ್ಟಡವನ್ನು ಹಳೆಯದು, ಹೊಸದು ಅಂತ ಎರಡೇ ಡಬ್ಬಿಗೆ ಹಾಕಲು ಆಗುವುದಿಲ್ಲ. ಯಾವ ಭಾಗ ಯಾವಾಗಿನದು, ಅದನ್ನು ಯಾರು ಯಾಕೆ ಹಾಗೆ ಕಟ್ಟಿದರು ಅಂತ ಗೊತ್ತಾದರೆ ಅದೇ ಗೋಡೆ ನೋಡಲು ಇನ್ನೂ ಚೆನ್ನಾಗಿರುತ್ತದೆ. ಹೋಗುವ ಮೊದಲು ತಿಳಿದಿದ್ದರೆ ಒಳ್ಳೆಯದು ಅನ್ನಿಸುವ ವಿಷಯಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಲ್ಲಿಲ್ಲದ ನಾಡಿನ ಕೋಟೆ

ಕೋಟೆ ಅಂದರೆ ಕಲ್ಲು ಅಂತಲೇ ನಮ್ಮ ಮನಸ್ಸಿನಲ್ಲಿ ಕೂತಿದೆ. ಮಾಲ್ಬೊರ್ಕ್ ಇರುವ ಜಾಗದಲ್ಲಿ ಕಲ್ಲುಗಣಿಯೇ ಇಲ್ಲ. ಬಾಲ್ಟಿಕ್ ಸಮುದ್ರದ ದಕ್ಷಿಣಕ್ಕಿರುವ ಈ ಬಯಲು ಹಿಮಯುಗದಲ್ಲಿ ದಪ್ಪ ಹಿಮದ ಅಡಿಯಲ್ಲಿತ್ತು. ಹಿಮ ಕರಗಿ ಹಿಂದೆ ಸರಿದಾಗ ಮರಳು, ಜೇಡಿಮಣ್ಣು ಮತ್ತು ಅಲ್ಲಲ್ಲಿ ದುಂಡು ಬಂಡೆಗಳನ್ನು ಬಿಟ್ಟು ಹೋಯಿತು. ಆ ಬಂಡೆಗಳೂ ಉತ್ತರದ ಸ್ಕ್ಯಾಂಡಿನೇವಿಯಾ ಕಡೆಯಿಂದ ಹಿಮದ ಜೊತೆ ಉರುಳಿಕೊಂಡು ಬಂದವು. ಹೊಲದಲ್ಲಿ ಸಿಕ್ಕ ಇಂಥ ಬಂಡೆಗಳನ್ನು ಆಯ್ದು ತಂದು ತಳಪಾಯಕ್ಕೆ ಹಾಕಿದರು. ಅದರ ಮೇಲಿನದೆಲ್ಲ ಇಟ್ಟಿಗೆ.

ಕಟ್ಟಿಸಿದವರು ಟ್ಯೂಟಾನಿಕ್ ಆರ್ಡರ್ ಅನ್ನುವ ಪಂಗಡದವರು. ಅರ್ಧ ಸನ್ಯಾಸಿಗಳು, ಅರ್ಧ ಸೈನಿಕರು. 1190ರಲ್ಲಿ ಪ್ಯಾಲೆಸ್ಟೈನಿನ ಆಕ್ರ ಪಟ್ಟಣದ ಹೊರಗೆ, ಗಾಯಗೊಂಡ ಜರ್ಮನ್ ಸೈನಿಕರನ್ನು ನೋಡಿಕೊಳ್ಳುವ ಆಸ್ಪತ್ರೆಯಾಗಿ ಇದು ಶುರುವಾಯಿತು. ಕೆಲವೇ ವರ್ಷಗಳಲ್ಲಿ ಕತ್ತಿ ಹಿಡಿಯಿತು. 1220ರ ದಶಕದಲ್ಲಿ ಮಜೋವಿಯಾದ ಪೋಲಿಷ್ ದೊರೆ ಕೊನ್ರಾಡ್ ತನ್ನ ಗಡಿಯಲ್ಲಿದ್ದ ಪ್ರಷ್ಯನ್ ಬುಡಕಟ್ಟುಗಳನ್ನು ಹತ್ತಿಕ್ಕಲು ಇವರನ್ನು ಕರೆಸಿಕೊಂಡ. ಬಂದವರು ವಾಪಸ್ ಹೋಗಲಿಲ್ಲ. ಗೆದ್ದ ನೆಲದಲ್ಲಿ ತಮ್ಮದೇ ರಾಜ್ಯ ಕಟ್ಟಿಕೊಂಡರು. ಅಲ್ಲಿನ ಮೂಲ ಪ್ರಷ್ಯನ್ನರ ಭಾಷೆ ಮುಂದೆ ಅಳಿದೇ ಹೋಯಿತು. ಈ ಕೋಟೆಯ ಸೊಬಗನ್ನು ಮೆಚ್ಚುವಾಗ ಇದನ್ನು ಮರೆಯಬಾರದು. ಗೆದ್ದವರು ಗೆದ್ದ ನೆಲದ ಮಣ್ಣನ್ನೇ ಸುಟ್ಟು ಕಟ್ಟಿದ ಕೋಟೆ ಇದು.

1309ರಲ್ಲಿ ಇವರ ಮುಖ್ಯಸ್ಥ, ಅಂದರೆ ಗ್ರ್ಯಾಂಡ್ ಮಾಸ್ಟರ್, ವೆನಿಸ್ ಬಿಟ್ಟು ಇಲ್ಲಿಗೇ ಬಂದು ನೆಲೆಸಿದ. ಅಲ್ಲಿಯವರೆಗೆ ಇದು ಹತ್ತರಲ್ಲಿ ಒಂದು ಕೋಟೆಯಾಗಿತ್ತು. ಆಮೇಲೆ ರಾಜಧಾನಿಯಾಯಿತು. ಹಳೆಯ ಚೌಕ ಕೋಟೆ ಪೂರ್ತಿ ಸನ್ಯಾಸಿಗಳ ಮಠವಾಯಿತು. ಅದನ್ನು ಈಗ ಮೇಲಿನ ಕೋಟೆ ಅನ್ನುತ್ತಾರೆ. ಅದರ ಮುಂದಿದ್ದ ಅಂಗಳದ ಸುತ್ತ ಅತಿಥಿಗಳ ಕೋಣೆ, ದೊಡ್ಡ ಊಟದ ಮನೆ, ಗ್ರ್ಯಾಂಡ್ ಮಾಸ್ಟರನ ಅರಮನೆ ಎದ್ದವು. ಅದು ನಡುಕೋಟೆ. ಅದರಾಚೆ ಕೆಳಗಿನ ಕೋಟೆಯಲ್ಲಿ ಕುದುರೆ ಲಾಯ, ಉಗ್ರಾಣ, ಆಯುಧಶಾಲೆ. ಎಲ್ಲ ಸೇರಿ ಸುಮಾರು 20 ಹೆಕ್ಟೇರ್, ಅಂದರೆ 50 ಎಕರೆ ಹತ್ತಿರ. ಹರಡಿರುವ ಜಾಗದ ಲೆಕ್ಕದಲ್ಲಿ ಜಗತ್ತಿನಲ್ಲೇ ದೊಡ್ಡ ಇಟ್ಟಿಗೆ ಕೋಟೆ ಇದು.

ಗೋಡೆಯ ಹತ್ತಿರ ಹೋಗಿ ನೋಡಿ

ದೂರದಿಂದ ಗೋಡೆ ಒಂದೇ ಕೆಂಪು. ಒಂದು ಮಾರು ಹತ್ತಿರಕ್ಕೆ ಬಂದರೆ ಒಂದು ಇಟ್ಟಿಗೆಯ ಹಾಗೆ ಇನ್ನೊಂದಿಲ್ಲ. ಆ ಕಾಲದ ಇಟ್ಟಿಗೆ ಹೆಚ್ಚು ಕಡಿಮೆ 30 ಸೆಂಟಿಮೀಟರ್ ಉದ್ದ, 15 ಅಗಲ, 9 ದಪ್ಪ. ಈಗ ನಾವು ಮನೆ ಕಟ್ಟಲು ತರುವ ಇಟ್ಟಿಗೆಗಿಂತ ತುಂಬಾ ದೊಡ್ಡದು. ಒಂದೊಂದೂ ಏಳು ಕಿಲೋ ಆಸುಪಾಸು ತೂಗುತ್ತದೆ. ಒಂದು ಕೈಯಲ್ಲಿ ಕರಣೆ ಹಿಡಿದು ಇನ್ನೊಂದು ಕೈಯಲ್ಲಿ ಇದನ್ನು ಎತ್ತಿ ಇಡುವುದು ಅಂದರೆ ಸಾಮಾನ್ಯ ಕೆಲಸವಲ್ಲ.

ಒಂದು ಇಟ್ಟಿಗೆ ಆಗಲು ಸುಮಾರು ಒಂದು ವರ್ಷ ಹಿಡಿಯುತ್ತಿತ್ತು. ಚಳಿಗಾಲಕ್ಕೆ ಮುಂಚೆ ಜೇಡಿಮಣ್ಣು ಅಗೆದು ಬಯಲಲ್ಲಿ ರಾಶಿ ಹಾಕಿಬಿಡುತ್ತಿದ್ದರು. ಚಳಿಯಲ್ಲಿ ಮಣ್ಣಿನೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿದಾಗ ಹೆಂಟೆಗಳು ತಾವಾಗೇ ಒಡೆದು ಹದವಾಗುತ್ತಿದ್ದವು. ವಸಂತದಲ್ಲಿ ಅದನ್ನು ತುಳಿದು, ಮರಳು ಬೆರೆಸಿ, ಮರದ ಅಚ್ಚಿಗೆ ಕೈಯಿಂದ ಬಡಿದು ತುಂಬುತ್ತಿದ್ದರು. ಆಮೇಲೆ ಚಪ್ಪರದ ನೆರಳಲ್ಲಿ ವಾರಗಟ್ಟಲೆ ಒಣಗಬೇಕು. ಸರಿಯಾಗಿ ಒಣಗದೆ ಗೂಡಿಗೆ ಹೋದರೆ ಸಿಡಿಯುತ್ತದೆ. ಕೊನೆಗೆ ಸೌದೆ ಹಾಕಿ ಗೂಡಿನಲ್ಲಿ ಸುಡುವುದು.

ಬಣ್ಣದ ಗುಟ್ಟು ಇರುವುದು ಈ ಗೂಡಿನಲ್ಲಿ. ಬೆಂಕಿಯಿಂದ ದೂರ ಇದ್ದ ಇಟ್ಟಿಗೆ ಸರಿಯಾಗಿ ಬೇಯದೆ ತಿಳಿ ಕಿತ್ತಳೆ ಬಣ್ಣದಲ್ಲೇ ಉಳಿಯುತ್ತದೆ. ನಡುವಿನದು ಚೆನ್ನಾಗಿ ಕೆಂಪಾಗುತ್ತದೆ. ಬೆಂಕಿಗೆ ತೀರಾ ಹತ್ತಿರ ಇದ್ದುದರ ಮೇಲ್ಮೈ ಕರಗಿ, ಸೌದೆಯ ಬೂದಿ ಅಂಟಿ, ಕಪ್ಪು-ಹಸಿರು ಗಾಜಿನಂತೆ ಹೊಳೆಯುತ್ತದೆ. ಇಂಥ ಸೀದುಹೋದ ಇಟ್ಟಿಗೆಯನ್ನು ಎಸೆಯುತ್ತಾರೆ ಅಂತ ನಾವಂದುಕೊಳ್ಳುತ್ತೇವೆ. ಅಲ್ಲಿನ ಗಾರೆ ಕೆಲಸದವರು ಅವನ್ನೇ ಬೇರೆ ಎತ್ತಿಟ್ಟುಕೊಂಡು, ಹೊಳೆಯುವ ತುದಿ ಹೊರಗೆ ಬರುವಂತೆ ಗೋಡೆಯಲ್ಲಿ ಕೂರಿಸಿದರು. ಕೆಂಪು ಗೋಡೆಯ ಮೇಲೆ ಕಪ್ಪು ಚುಕ್ಕೆಗಳು ಓರೆಯಾಗಿ ಸಾಗಿ ವಜ್ರಾಕಾರದ ಚಿತ್ತಾರ ಆಗುವುದು ಹೀಗೆ. ಬೇರೆ ಬಣ್ಣ ಬಳಿದಿದ್ದಲ್ಲ, ಬರೀ ಬೆಂಕಿಯ ಕೆಲಸ.

ಇಟ್ಟಿಗೆ ಜೋಡಿಸಿರುವ ಕ್ರಮವೂ ಕಾಲ ಹೇಳುತ್ತದೆ. ಒಂದು ವರಸೆಯನ್ನು ಹಿಡಿದು ಎಡದಿಂದ ಬಲಕ್ಕೆ ಕಣ್ಣಾಡಿಸಿ. ಎರಡು ಇಟ್ಟಿಗೆಯ ಉದ್ದ ಮುಖ, ಆಮೇಲೆ ಒಂದರ ಗಿಡ್ಡ ತುದಿ, ಮತ್ತೆ ಎರಡು ಉದ್ದ, ಒಂದು ಗಿಡ್ಡ. ಹೀಗಿದ್ದರೆ ಅದು ಸಾಮಾನ್ಯವಾಗಿ ಹಳೆಯ ಪದ್ಧತಿ, 13ನೇ ಶತಮಾನ ಮತ್ತು 14ರ ಮೊದಲ ಭಾಗದ್ದು. ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ, ಒಂದು ಗಿಡ್ಡ ಅಂತ ಇದ್ದರೆ ಅದು ಆಮೇಲಿನದು. ಗಿಡ್ಡ ತುದಿ ಕಂಡಲ್ಲೆಲ್ಲ ಆ ಇಟ್ಟಿಗೆ ಗೋಡೆಯ ಒಳಕ್ಕೆ ಮಲಗಿ ಹೊರಮೈಯನ್ನು ಒಳಗೆ ತುಂಬಿದ್ದಕ್ಕೆ ಕಟ್ಟಿಹಾಕಿದೆ ಅಂತ ಅರ್ಥ. ಗಿಡ್ಡ ತುದಿ ಜಾಸ್ತಿ ಇದ್ದಷ್ಟೂ ಬಂಧ ಗಟ್ಟಿ. ದಪ್ಪ ಗೋಡೆಗಳ ಒಳಗೆ ಬರೀ ಒಡಕಲು ಇಟ್ಟಿಗೆ, ಕಲ್ಲು, ಗಾರೆ ಸುರಿದಿರುತ್ತಾರೆ. ಹಾಗಾಗಿ ಈ ಕಟ್ಟು ತುಂಬಾ ಮುಖ್ಯ.

ಗೋಡೆಯಲ್ಲಿ ಸಾಲಾಗಿ ಚೌಕ ತೂತುಗಳು ಕಂಡರೆ ಅವು ಬಾಣ ಬಿಡುವ ಕಿಂಡಿಗಳಲ್ಲ. ಕಟ್ಟುವಾಗ ಸಾರುವೆಯ ಅಡ್ಡ ಮರ ತೂರಿಸಿದ್ದ ಜಾಗ. ಗೋಡೆ ಎತ್ತರವಾದಂತೆ ಸಾರುವೆಯೂ ಮೇಲೇರಿತು, ತೂತುಗಳು ಹಾಗೇ ಉಳಿದವು. ಒಂದು ಸಾಲಿನಿಂದ ಮೇಲಿನ ಸಾಲಿಗೆ ಇರುವ ಅಂತರವೇ ಕೆಲಸಗಾರರು ಒಂದು ಅಟ್ಟಣಿಗೆ ಮೇಲೆ ನಿಂತು ಕಟ್ಟುತ್ತಿದ್ದ ಎತ್ತರ.

ಚಾವಣಿಯನ್ನೂ ಒಮ್ಮೆ ನೋಡಿ. ಅರ್ಧ ಕೊಳವೆಯಂಥ ಹೆಂಚುಗಳು, ಒಂದು ಸಾಲು ಅಂಗಾತ, ಅದರ ಮೇಲೆ ಇನ್ನೊಂದು ಸಾಲು ಬೋರಲು. ಥೇಟ್ ನಮ್ಮ ನಾಡಹೆಂಚಿನ ಹಾಗೆ. ಹಿಮ ಬೀಳುವ ಊರಾದ್ದರಿಂದ ಚಾವಣಿಯ ಇಳಿಜಾರು ಮಾತ್ರ ತುಂಬಾ ಕಡಿದು.

ಒಂದೇ ಕಂಬದ ಕೋಣೆ

ಒಳಗೆ ಹೋದಾಗ ಸಮಯ ಕಡಿಮೆ ಇದ್ದರೆ ಎರಡು ಕೋಣೆಗಳನ್ನು ಮಾತ್ರ ಬಿಡಬೇಡಿ. ಎರಡೂ ನಡುಕೋಟೆಯಲ್ಲಿವೆ.

ಮೊದಲನೆಯದು ದೊಡ್ಡ ಊಟದ ಮನೆ. ಸುಮಾರು 30 ಮೀಟರ್ ಉದ್ದ, 15 ಅಗಲ. ಇಷ್ಟು ದೊಡ್ಡ ಚಾವಣಿಯನ್ನು ಹೊತ್ತಿರುವುದು ಮೂರೇ ಮೂರು ತೆಳ್ಳನೆಯ ಗ್ರಾನೈಟ್ ಕಂಬ. ಪ್ರತಿ ಕಂಬದ ತಲೆಯಿಂದ ಕಮಾನಿನ ಏಣುಗಳು ಸುತ್ತಲೂ ಚಾಚಿಕೊಂಡು ಹರಡುತ್ತವೆ. ಇದು ಸಾಧ್ಯವಾಗಿದ್ದಕ್ಕೂ ಇಟ್ಟಿಗೆಯೇ ಕಾರಣ. ಏಣುಗಳನ್ನು ಮೊದಲು ಮರದ ಅಚ್ಚಿನ ಮೇಲೆ ಕಟ್ಟುತ್ತಾರೆ. ಅವು ನಿಂತ ಮೇಲೆ ನಡುವಿನ ಜಾಗವನ್ನು ತೆಳುವಾಗಿ ಇಟ್ಟಿಗೆಯಿಂದ ಮುಚ್ಚುತ್ತಾರೆ. ಭಾರ ಕಡಿಮೆ ಇರುವುದರಿಂದ ಕಂಬ ಸಣ್ಣದಿದ್ದರೂ ನಡೆಯುತ್ತದೆ. ಆದರೆ ಕಮಾನು ಕೆಳಕ್ಕೆ ಮಾತ್ರ ಒತ್ತುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳುವ ಭಾರವನ್ನು ಸುತ್ತಲಿನ ದಪ್ಪ ಗೋಡೆ ತಡೆಯಬೇಕು. ಕೋಣೆಯ ನಡುವೆ ನಿಂತರೆ ಹಗುರ ಅನ್ನಿಸುತ್ತದೆ, ಕಿಟಕಿಯ ಹತ್ತಿರ ಹೋಗಿ ಗೋಡೆಯ ದಪ್ಪ ನೋಡಿದಾಗ ಆ ಹಗುರತನದ ಲೆಕ್ಕ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಇದೇ ಕೋಣೆಯ ನೆಲದಲ್ಲಿ ಮುಚ್ಚಳ ಇರುವ ತೂತುಗಳಿವೆ. ಅದು ಕೋಣೆ ಬಿಸಿ ಮಾಡುವ ಏರ್ಪಾಡು, ಮತ್ತು ಬಹಳ ಜಾಣತನದ್ದು. ನೆಲದ ಕೆಳಗೆ ದೊಡ್ಡ ಒಲೆ. ಒಲೆಯ ಮೇಲೆ ದುಂಡು ಕಲ್ಲುಗಳ ರಾಶಿ. ಸೌದೆ ಉರಿಸಿದಾಗ ಹೊಗೆ ಆ ಕಲ್ಲುಗಳ ಸಂದಿನಿಂದ ಹಾದು ಹೊಗೆಗೊಳವೆ ಹಿಡಿದು ಹೊರಗೆ ಹೋಗುತ್ತದೆ. ಆ ಹೊತ್ತಿಗೆ ನೆಲದ ತೂತುಗಳನ್ನು ಮುಚ್ಚಿರುತ್ತಾರೆ. ಕಲ್ಲು ಕಾದು ಕೆಂಡವಾದ ಮೇಲೆ ಬೆಂಕಿ ಆರಿಸಿ, ಹೊಗೆಗೊಳವೆ ಮುಚ್ಚಿ, ನೆಲದ ಮುಚ್ಚಳ ತೆಗೆಯುತ್ತಾರೆ. ಈಗ ಕಲ್ಲಿನ ಮೇಲಿಂದ ಹಾದು ಬರುವ ಗಾಳಿ ಬಿಸಿಯಾಗಿ, ಹೊಗೆಯಿಲ್ಲದೆ ಮೇಲೆ ಬರುತ್ತದೆ. ಕಲ್ಲು ಗಂಟೆಗಟ್ಟಲೆ ಕಾವು ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದಷ್ಟು ಕಾವು ಬಂದರೆ ಮುಚ್ಚಳ ಹಾಕಿದರಾಯಿತು. ಯುರೋಪಿನ ಎಷ್ಟೋ ರಾಜರು ಒಲೆಯ ಮುಂದೆ ಬೆನ್ನು ಚಳಿ, ಮುಖ ಬಿಸಿ ಅಂತ ಕೂರುತ್ತಿದ್ದ ಕಾಲದಲ್ಲಿ ಇಲ್ಲಿ ಇಡೀ ಕೋಣೆ ಬೆಚ್ಚಗಿರುತ್ತಿತ್ತು.

ಎರಡನೆಯದು ಗ್ರ್ಯಾಂಡ್ ಮಾಸ್ಟರನ ಅರಮನೆಯ ಬೇಸಿಗೆ ಕೋಣೆ. 14ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಸುಮಾರು 14 ಮೀಟರ್ ಚೌಕ. ನಡುವೆ ಒಂದೇ ಕಂಬ, ಇಡೀ ಚಾವಣಿ ಅದರ ಮೇಲೆ. ಈ ಕೋಣೆಗೊಂದು ಕಥೆ ಅಂಟಿಕೊಂಡಿದೆ. 1410ರ ಜುಲೈ 15ರಂದು ಗ್ರುನ್‌ವಾಲ್ಡ್‌ನಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾದ ಸೈನ್ಯ ಟ್ಯೂಟಾನಿಕ್ ಆರ್ಡರನ್ನು ಸೋಲಿಸಿತು. ಗ್ರ್ಯಾಂಡ್ ಮಾಸ್ಟರ್ ಯುದ್ಧದಲ್ಲೇ ಸತ್ತ. ಗೆದ್ದ ರಾಜ ಯಗಿಯೆಲೊ ನೇರ ಇಲ್ಲಿಗೆ ಬಂದು ಮುತ್ತಿಗೆ ಹಾಕಿದ. ಕೋಟೆಯೊಳಗಿದ್ದ ಮುಖಂಡರು ಈ ಕೋಣೆಯಲ್ಲಿ ಸಭೆ ಸೇರಿದ್ದಾಗ, ಒಂದು ಗುಂಡಿನಿಂದ ನಡುಗಂಬ ಮುರಿದು ಎಲ್ಲರ ಮೇಲೂ ಚಾವಣಿ ಬೀಳಿಸಬೇಕು ಅಂತ ಹೊರಗಿನಿಂದ ತೋಪು ಹಾರಿಸಿದರಂತೆ. ಗುರಿ ತಪ್ಪಿತು. ಕಲ್ಲಿನ ಗುಂಡೊಂದು ಒಲೆಯ ಮೇಲಿನ ಗೋಡೆಯಲ್ಲಿ ಸಿಕ್ಕಿಕೊಂಡಿರುವುದನ್ನು ಈಗಲೂ ತೋರಿಸುತ್ತಾರೆ. ಕಥೆಯನ್ನು ಕಥೆಯ ಹಾಗೆ ಕೇಳಿ. ಆದರೆ ಕಂಬದ ಪಕ್ಕ ನಿಂತು ತಲೆಯೆತ್ತಿ ನೋಡಿ. ಇದೊಂದು ಹೋದರೆ ಏನಾಗುತ್ತಿತ್ತು ಅಂತ ಊಹಿಸಲು ಎಂಜಿನಿಯರ್ ಆಗಬೇಕಿಲ್ಲ.

ಮುತ್ತಿಗೆ ಸೆಪ್ಟೆಂಬರ್‌ವರೆಗೆ ನಡೆದು ನಿಂತಿತು. ಕೋಟೆ ಬೀಳಲಿಲ್ಲ. ಅದನ್ನು ಬೀಳಿಸಿದ್ದು ತೋಪಲ್ಲ, ಸಂಬಳದ ಬಾಕಿ. 1454ರಲ್ಲಿ ಶುರುವಾದ ಹದಿಮೂರು ವರ್ಷದ ಯುದ್ಧದಲ್ಲಿ ಆರ್ಡರ್ ಬೊಹೀಮಿಯಾದ (ಈಗಿನ ಚೆಕ್ ನಾಡಿನ) ಬಾಡಿಗೆ ಸೈನಿಕರನ್ನು ಇಟ್ಟುಕೊಂಡಿತ್ತು. ದುಡ್ಡು ಕೊಡಲು ಆಗಲಿಲ್ಲ. ಕೋಟೆಯನ್ನೇ ಅಡವಿಟ್ಟಿತು. ಸೈನಿಕರು ಅದನ್ನು ಪೋಲೆಂಡಿನ ರಾಜ 4ನೇ ಕಾಜಿಮಿರ್‌ಗೆ 1,90,000 ಫ್ಲೋರಿನ್‌ಗೆ ಮಾರಿಬಿಟ್ಟರು. 1457ರಲ್ಲಿ ರಾಜ ಒಳಗೆ ಬಂದ. ಅಲ್ಲಿಂದ 1772ರವರೆಗೆ, ಮುನ್ನೂರಕ್ಕೂ ಹೆಚ್ಚು ವರ್ಷ, ಇದು ಪೋಲೆಂಡಿನ ರಾಜರು ಈ ಕಡೆ ಬಂದಾಗ ಇಳಿದುಕೊಳ್ಳುವ ಮನೆ. ಇದನ್ನು ಕಟ್ಟಿದವರು ಇಲ್ಲಿ ಇದ್ದದ್ದಕ್ಕಿಂತ ಜಾಸ್ತಿ ಕಾಲ ಇದು ಪೋಲೆಂಡಿನ ಕೈಯಲ್ಲಿತ್ತು. ಕೋಟೆಯಲ್ಲಿ ಸುತ್ತುವಾಗ ಇದು ನೆನಪಿರಲಿ. ಯಾಕೆಂದರೆ ಆ ಮುನ್ನೂರು ವರ್ಷ ಅಲ್ಲಿ ಹೆಚ್ಚು ಕಾಣುವುದೇ ಇಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಕೆಡವಲು ಹೊರಟವರು, ಉಳಿಸಿದವರು

1772ರಲ್ಲಿ ಪೋಲೆಂಡನ್ನು ನೆರೆಯ ಮೂರು ರಾಜ್ಯಗಳು ಮೊದಲ ಸಲ ಹಂಚಿಕೊಂಡವು. ಮಾಲ್ಬೊರ್ಕ್ ಪ್ರಷ್ಯಾದ, ಅಂದರೆ ಆ ಹಳೆಯ ಬುಡಕಟ್ಟಿನ ಹೆಸರನ್ನೇ ಇಟ್ಟುಕೊಂಡಿದ್ದ ಜರ್ಮನ್ ರಾಜ್ಯದ, ಪಾಲಿಗೆ ಹೋಯಿತು. ಅವರ ಸೈನ್ಯಕ್ಕೆ ಕಂಡದ್ದು ದೊಡ್ಡ, ಖಾಲಿ ಕಟ್ಟಡ. ಕೆಲವು ಕಡೆ ಸೈನಿಕರ ಬಿಡಾರ, ಕೆಲವು ಕಡೆ ಉಗ್ರಾಣ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ಮೇಲಿನ ಕೋಟೆಯ ಕಮಾನು ಚಾವಣಿಗಳನ್ನು ಒಡೆದು ತೆಗೆದರು. ಧಾನ್ಯದ ಮೂಟೆ ಪೇರಿಸಲು ಮರದ ಅಟ್ಟಗಳು ಬೇಕಿದ್ದವು, ಅಷ್ಟೇ.

ಇದಕ್ಕೆ ಮುಂಚೆ, 1794ರಲ್ಲಿ, ಕೋಟೆಯನ್ನು ಉಳಿಸಬೇಕೋ ಕೆಡವಬೇಕೋ ಅಂತ ನೋಡಿ ವರದಿ ಕೊಡಲು ಸರ್ಕಾರದ ವಾಸ್ತುಶಿಲ್ಪಿ ಡೇವಿಡ್ ಗಿಲಿ ಬಂದಿದ್ದ. ಜೊತೆಗೆ 22ರ ಹರೆಯದ ಮಗ ಫ್ರೀಡ್ರಿಕ್ ಗಿಲಿ. ಅಪ್ಪ ಗೋಡೆಗಳ ಸ್ಥಿತಿ ನೋಡುತ್ತಿದ್ದಾಗ ಮಗ ಚಿತ್ರ ಬರೆದ. ಕಂಬಗಳು, ಕಮಾನುಗಳು, ಅರಮನೆಯ ಎತ್ತರದ ಮುಖ. ಆ ಚಿತ್ರಗಳು ಬರ್ಲಿನ್‌ನಲ್ಲಿ ಪ್ರದರ್ಶನಕ್ಕೆ ಹೋದವು, ಆಮೇಲೆ ಅಚ್ಚಾಗಿ ಊರೂರಿಗೆ ಹರಡಿದವು. ಇಂಥದೊಂದು ಕಟ್ಟಡ ತಮ್ಮ ನಾಡಿನಲ್ಲಿದೆ ಅಂತ ಜನರಿಗೆ ಗೊತ್ತಾಗಿದ್ದೇ ಆ ಚಿತ್ರಗಳಿಂದ. ಫ್ರೀಡ್ರಿಕ್ 28ನೇ ವಯಸ್ಸಿಗೆ ತೀರಿಕೊಂಡ. 1803ರಲ್ಲಿ ಮ್ಯಾಕ್ಸ್ ಫಾನ್ ಶೆಂಕೆನ್‌ಡಾರ್ಫ್ ಅನ್ನುವ, ಇನ್ನೂ ಇಪ್ಪತ್ತು ತುಂಬದ ಹುಡುಗ ಬರ್ಲಿನ್ ಪತ್ರಿಕೆಯೊಂದಕ್ಕೆ ಕೋಟೆ ಒಡೆಯುವುದನ್ನು ಖಂಡಿಸಿ ಬರೆದ. ಮರುವರ್ಷ ರಾಜ 3ನೇ ಫ್ರೀಡ್ರಿಕ್ ವಿಲ್ಹೆಲ್ಮ್ ಒಡೆಯುವ ಕೆಲಸ ನಿಲ್ಲಿಸಿದ. ಕೈಯಲ್ಲಿ ಅಧಿಕಾರವಿಲ್ಲದ ಇಬ್ಬರು ಹುಡುಗರು, ಒಬ್ಬ ಪೆನ್ಸಿಲ್‌ನಿಂದ, ಒಬ್ಬ ಪೆನ್ನಿನಿಂದ, ಇಷ್ಟು ದೊಡ್ಡ ಕೋಟೆಯನ್ನು ಉಳಿಸಿದರಲ್ಲ ಅನ್ನುವುದು ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಭಾಗ.

ದುರಸ್ತಿ ಶುರುವಾಗಿದ್ದು 1817ರಲ್ಲಿ, ತಿಯೋಡೋರ್ ಫಾನ್ ಶ್ಯೋನ್ ಅನ್ನುವ ಅಧಿಕಾರಿಯ ಉತ್ಸಾಹದಿಂದ. ಆಗಿನವರಿಗೆ ಪುರಾವೆಗಿಂತ ಭಾವನೆ ಮುಖ್ಯವಾಗಿತ್ತು. ಗಾತಿಕ್ ಶೈಲಿಯ ಮಧ್ಯಯುಗದ ಕಟ್ಟಡ ಅಂದರೆ ಹೀಗಿರಬೇಕು ಅಂತ ಅವರಿಗೆ ಒಂದು ಕಲ್ಪನೆ ಇತ್ತು, ಅದರಂತೆ ಅರಮನೆಗೆ ಗೋಡೆಯ ತುದಿಗೆ ಹಲ್ಲಿನಂಥ ಹೊಸ ತೆನೆಗಳನ್ನು ಕಟ್ಟಿದರು, ಬಣ್ಣದ ಗಾಜು ಹಾಕಿಸಿದರು. ನೋಡಲು ಚೆಂದ ಇತ್ತು. 14ನೇ ಶತಮಾನದಲ್ಲಿ ಹಾಗೇ ಇತ್ತಾ ಅಂತ ಆಗ ಯಾರೂ ಹೆಚ್ಚು ಕೇಳಲಿಲ್ಲ.

ಕೇಳಿದವನು ಕೊನ್ರಾಡ್ ಸ್ಟೈನ್‌ಬ್ರೆಕ್ಟ್ ಅನ್ನುವ ಜರ್ಮನ್ ವಾಸ್ತುಶಿಲ್ಪಿ. 1882ರಿಂದ 1922ರವರೆಗೆ, ನಲವತ್ತು ವರ್ಷ, ಈ ಒಂದೇ ಕೋಟೆಗೆ ತನ್ನ ಬದುಕು ಕೊಟ್ಟ. ಅವನ ದಾರಿ ಬೇರೆ. ಮೊದಲು ನೆಲ ಅಗೆದು ಹಳೆಯ ತಳಪಾಯ ಹುಡುಕಬೇಕು. ಗಿಲಾವು ಕೆರೆದು, ಕಮಾನು ಗೋಡೆಗೆ ಸೇರಿದ್ದ ಗುರುತು ನೋಡಬೇಕು. ಕಸದಲ್ಲಿ ಸಿಕ್ಕ ಏಣಿನ ತುಂಡನ್ನು ಅಳೆದು ಇಡೀ ಚಾವಣಿಯ ಆಕಾರ ಲೆಕ್ಕ ಹಾಕಬೇಕು. ಅಲ್ಲೂ ಸಿಗದಿದ್ದರೆ ಆರ್ಡರ್‌ನ ಬೇರೆ ಕೋಟೆಗಳಿಗೆ ಹೋಗಿ ಅವರು ಅಂಥ ಕಡೆ ಏನು ಮಾಡುತ್ತಿದ್ದರು ಅಂತ ನೋಡಬೇಕು. ಮಾಡಿದ್ದಕ್ಕೆಲ್ಲ ನಕ್ಷೆ, ಫೋಟೊ, ಟಿಪ್ಪಣಿ ಇಡಬೇಕು. ಇಟ್ಟಿಗೆಯನ್ನೂ ಹಳೆಯ ಅಳತೆಯಲ್ಲೇ ಮಾಡಿಸಿದ. ಮೇಲಿನ ಕೋಟೆಯ ಕಮಾನುಗಳು, ಅಂಗಳದ ಸುತ್ತಲಿನ ಪಡಸಾಲೆ, ಇವತ್ತು ನಾವು ಹಳೆಯದು ಅಂದುಕೊಂಡು ಫೋಟೊ ತೆಗೆಯುವ ಎಷ್ಟೋ ಮೂಲೆಗಳು ಅವನ ಕೈಕೆಲಸ.

ಈ ನಿಷ್ಠೆಗೆ ಇನ್ನೊಂದು ಮುಖವೂ ಇದೆ. ಕೋಟೆ 1400ರ ಹೊತ್ತಿಗೆ ಹೇಗಿತ್ತೋ ಹಾಗೆ ಕಾಣಬೇಕು ಅಂತ ಅವನು ತೀರ್ಮಾನಿಸಿದ್ದ. ಹಾಗಾಗಿ ಆಮೇಲಿನದು ಹೋಗಬೇಕಾಯಿತು. ಪೋಲಿಷ್ ರಾಜರ ಕಾಲದಲ್ಲಿ ಸೇರಿಸಿದ್ದು, ಚರ್ಚಿಗೆ ಬಂದಿದ್ದ ಬರೋಕ್ ಅನ್ನುವ ಆಮೇಲಿನ ಕಾಲದ ಶೈಲಿಯ ಅಲಂಕಾರ, ಎಲ್ಲ ಹೋಯಿತು. ಮುನ್ನೂರು ವರ್ಷ ಕಾಣುವುದಿಲ್ಲ ಅಂದೆನಲ್ಲ, ಕಾರಣ ಇದು. ಅದರ ಹಿಂದೆ ರಾಜಕೀಯವೂ ಇತ್ತು. ಆಗಿನ ಜರ್ಮನಿಗೆ ಇದು ಜರ್ಮನ್ನರು ಪೂರ್ವಕ್ಕೆ ಬಂದು ಗೆದ್ದ ಗುರುತಾಗಿ ಬೇಕಿತ್ತು. ಚಕ್ರವರ್ತಿ 2ನೇ ವಿಲ್ಹೆಲ್ಮ್ ಮತ್ತೆ ಮತ್ತೆ ಇಲ್ಲಿಗೆ ಬರುತ್ತಿದ್ದ, ಇಲ್ಲಿ ದೊಡ್ಡ ಸಮಾರಂಭ ನಡೆಸುತ್ತಿದ್ದ. ಮುಂದೆ ನಾಜಿಗಳೂ ಇದನ್ನು ಹಾಗೇ ಬಳಸಿದರು. ಯಾವ ಕಾಲವನ್ನು ಉಳಿಸಬೇಕು, ಯಾವುದನ್ನು ಕಿತ್ತೆಸೆಯಬೇಕು ಅನ್ನುವುದು ಬರೀ ಗಾರೆ-ಇಟ್ಟಿಗೆಯ ಪ್ರಶ್ನೆ ಅಲ್ಲ. ಸ್ಟೈನ್‌ಬ್ರೆಕ್ಟ್‌ನ ಕೆಲಸಗಾರಿಕೆಗೆ ನಾನು ತಲೆಬಾಗುತ್ತೇನೆ, ಅವನ ಆಯ್ಕೆಯನ್ನು ಒಪ್ಪಲಾರೆ.

1945

ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಜರ್ಮನ್ ಸೈನಿಕರು ಕೋಟೆಯನ್ನು ನಿಜವಾದ ಕೋಟೆಯಾಗಿಯೇ ಬಳಸಿದರು. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಹಿಡಿದು ಕೂತರು. ಸೋವಿಯತ್ ಫಿರಂಗಿಗಳು ಪೂರ್ವದಿಂದ ಹೊಡೆದವು. ಮಾರ್ಚ್‌ನಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಕೋಟೆಯ ಅರ್ಧಕ್ಕಿಂತ ಜಾಸ್ತಿ ನಾಶವಾಗಿತ್ತು. ಪೂರ್ವಕ್ಕೆ ಮುಖ ಮಾಡಿದ್ದ ಚರ್ಚಿನ ಕೊನೆ ಕುಸಿದಿತ್ತು, ದೊಡ್ಡ ಗೋಪುರ ಬಿದ್ದಿತ್ತು. ಚರ್ಚಿನ ಹೊರಗೋಡೆಯ ಗೂಡಿನಲ್ಲಿ 14ನೇ ಶತಮಾನದಿಂದ ನಿಂತಿದ್ದ, ಬಣ್ಣದ ಗಾಜಿನ ಚೂರು ಮತ್ತು ಚಿನ್ನದ ಹೊಳಪಿನ ಮೇರಿ ಮಾತೆ ಪುಡಿಪುಡಿಯಾಗಿದ್ದಳು. ನದಿಯ ಕಡೆಗಿದ್ದ ಪಶ್ಚಿಮ ಭಾಗ ಮಾತ್ರ ಹೆಚ್ಚು ಕಡಿಮೆ ನಿಂತಿತ್ತು.

ಊರು ಈಗ ಪೋಲೆಂಡಿಗೆ ಸೇರಿತು. ಮುಂದೇನು? ತಮ್ಮನ್ನು ಶತಮಾನಗಟ್ಟಲೆ ಕಾಡಿದವರ ಕೋಟೆ, ಮೊನ್ನೆ ಮೊನ್ನೆವರೆಗೆ ನಾಜಿಗಳು ಮೆರೆದ ಜಾಗ. ವಾರ್ಸಾ ನಗರವೇ ನೆಲಸಮವಾಗಿ ಬಿದ್ದಿರುವಾಗ ಇದಕ್ಕೇಕೆ ದುಡ್ಡು ಹಾಕಬೇಕು ಅನ್ನುವವರು ಇದ್ದರು. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಕೋಟೆಯ ಮಗ್ಗುಲಲ್ಲಿದ್ದ ಹಳೆಯ ಪಟ್ಟಣದ ಗತಿ ನೋಡಿದರೆ ಆ ದಿನಗಳು ಹೇಗಿದ್ದವು ಅಂತ ತಿಳಿಯುತ್ತದೆ. ಅಲ್ಲಿ ಬಿದ್ದಿದ್ದ ಮನೆಗಳ ಇಟ್ಟಿಗೆಗಳನ್ನು ತುಂಬಿಕೊಂಡು ಹೋಗಿ ವಾರ್ಸಾ ಮತ್ತು ಗ್ದಾನ್ಸ್ಕ್ ನಗರಗಳನ್ನು ಕಟ್ಟಲು ಬಳಸಿದರು. ಹಳೆಯ ಪಟ್ಟಣದಲ್ಲಿ ಈಗ ಉಳಿದಿರುವುದು ಎರಡು ಹೆಬ್ಬಾಗಿಲು, ಒಂದು ಚರ್ಚು, ಹಳೆಯ ಪುರಭವನ. ಮಿಕ್ಕ ಜಾಗದಲ್ಲಿ 1960ರ ದಶಕದ ಅಪಾರ್ಟ್‌ಮೆಂಟ್‌ಗಳಿವೆ. ಕೋಟೆ ನೋಡಿ ಬಂದವರು ಅವನ್ನು ನೋಡಿ ಮುಖ ತಿರುಗಿಸುತ್ತಾರೆ. ನನಗಂತೂ ಅವು ಕೋಟೆಯ ಕಥೆಯದೇ ಭಾಗ.

1959ರಲ್ಲಿ ನಡುಕೋಟೆಯ ಚಾವಣಿಗೆ ಬೆಂಕಿ ಬಿತ್ತು. ವಿಚಿತ್ರ ಅಂದರೆ ಆ ಅನಾಹುತವೇ ಜನರನ್ನು ಎಬ್ಬಿಸಿತು. 1961ರಲ್ಲಿ ಕೋಟೆಯನ್ನು ವಸ್ತುಸಂಗ್ರಹಾಲಯ ಮಾಡಿದರು, ಕೆಲಸ ಗಟ್ಟಿಯಾಗಿ ಶುರುವಾಯಿತು. ಆಗ ಕೈಗೆ ಬಂದದ್ದು ಸ್ಟೈನ್‌ಬ್ರೆಕ್ಟ್ ಮತ್ತು ಅವನ ನಂತರದವರು ಬಿಟ್ಟುಹೋಗಿದ್ದ ನಕ್ಷೆಗಳು, ಅಳತೆಗಳು, ಫೋಟೊಗಳು. ಜರ್ಮನ್ ತಜ್ಞರ ದಾಖಲೆ ಹಿಡಿದು ಪೋಲಿಷ್ ತಜ್ಞರು ಕಟ್ಟಿದರು. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮಧ್ಯಯುಗದ ಇಟ್ಟಿಗೆ ಕೋಟೆ ಅಂತ ಮಾತ್ರ ಸೇರಿಸಲಿಲ್ಲ. ಹಳೆಯ ಕಟ್ಟಡ ಉಳಿಸುವ ಎಷ್ಟೋ ವಿಧಾನಗಳು ರೂಪುಗೊಂಡ ಜಾಗ ಇದು ಅನ್ನುವುದನ್ನೂ ಎತ್ತಿ ಹೇಳಿತು. ಅಂದರೆ ದುರಸ್ತಿಯೇ ಇಲ್ಲಿನ ಪರಂಪರೆಯ ಒಂದು ಪಾಲು.

ಈ ನಡುವೆ ದುರಸ್ತಿಯ ನಿಯಮವೇ ಬದಲಾಗಿತ್ತು. 1964ರಲ್ಲಿ ವೆನಿಸ್‌ನಲ್ಲಿ ಸೇರಿದ ತಜ್ಞರು ಎರಡು ಮಾತು ಗಟ್ಟಿ ಮಾಡಿದರು. ಪುರಾವೆ ಮುಗಿದು ಊಹೆ ಶುರುವಾಗುವ ಕಡೆ ದುರಸ್ತಿ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹಳೆಯದರ ಜೊತೆ ಹೊಂದಬೇಕು, ಆದರೆ ಹೊಸದು ಅಂತ ಗೊತ್ತಾಗಲೂ ಬೇಕು. ಸ್ಟೈನ್‌ಬ್ರೆಕ್ಟ್ ಗುರುತು ಸಿಗದ ಹಾಗೆ ಸೇರಿಸುವುದೇ ಜಾಣತನ ಅಂದುಕೊಂಡಿದ್ದ. ಈಗಿನವರಿಗೆ ಅದು ನೋಡುಗನಿಗೆ ಸುಳ್ಳು ಹೇಳಿದ ಹಾಗೆ.

ಇದರ ವ್ಯತ್ಯಾಸ ನೋಡಬೇಕೆಂದರೆ ಮೇಲಿನ ಕೋಟೆಯ ಚರ್ಚಿಗೆ ಹೋಗಿ. ಒಳಗೆ ಹೋಗುವ ಬಾಗಿಲನ್ನು ಬಂಗಾರದ ಬಾಗಿಲು ಅನ್ನುತ್ತಾರೆ. 13ನೇ ಶತಮಾನದ ಕೊನೆಯದು, ಯುದ್ಧದಲ್ಲೂ ಉಳಿದದ್ದು. ಕಲ್ಲಿಲ್ಲದ ನಾಡಿನ ಶಿಲ್ಪಿಗಳು ಜೇಡಿಮಣ್ಣಿನಲ್ಲೇ ಬಳ್ಳಿ, ಎಲೆ, ವಿಚಿತ್ರ ಪ್ರಾಣಿಗಳನ್ನು ಮಾಡಿ ಸುಟ್ಟು ಕೂರಿಸಿದ್ದಾರೆ. ಬೈಬಲ್ಲಿನ ಹತ್ತು ಕನ್ಯೆಯರು ಕಮಾನಿನಲ್ಲಿ ನಿಂತಿದ್ದಾರೆ. ಎಣ್ಣೆ ಜೋಪಾನ ಮಾಡಿ ದೀಪ ಉರಿಸಿಕೊಂಡಿರುವ ಜಾಣೆಯರು ಒಂದು ಕಡೆ, ಎಣ್ಣೆ ಮುಗಿಸಿಕೊಂಡ ದಡ್ಡಿಯರು ಇನ್ನೊಂದು ಕಡೆ. ಅವರ ಮುಖಗಳನ್ನು ನಿಧಾನವಾಗಿ ನೋಡಿ. ಆಮೇಲೆ ಬಾಗಿಲು ದಾಟಿ. ಚರ್ಚು ದಶಕಗಳ ಕಾಲ ಅರೆಹಾಳಾಗಿಯೇ ಇತ್ತು. 2014ರಿಂದ 2016ರ ನಡುವೆ, ನಾರ್ವೆ ಮತ್ತಿತರ ದೇಶಗಳ ನೆರವಿನಿಂದ, ಅದನ್ನು ಮತ್ತೆ ಕಟ್ಟಿದರು. ಆದರೆ ಗಾಯ ಮುಚ್ಚಲಿಲ್ಲ. ಮುರಿದ ಶಿಲ್ಪ ಮುರಿದ ಹಾಗೇ ಇದೆ. ಹಳೆಯ ಬಣ್ಣ ಉಳಿದ ಕಡೆ ಉಳಿದಿದೆ, ಹೋದ ಕಡೆ ಬರೀ ಇಟ್ಟಿಗೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಹೊರಗಿನ ಮೇರಿ ಮಾತೆಯದು ಇದಕ್ಕೆ ತದ್ವಿರುದ್ಧ. ಹಳೆಯ ಫೋಟೊ ಮತ್ತು ಸಿಕ್ಕ ಚೂರುಗಳ ಆಧಾರದಲ್ಲಿ ಪೂರ್ತಿ ಹೊಸದಾಗಿ ಮಾಡಿ 2016ರಲ್ಲಿ ನಿಲ್ಲಿಸಿದರು. ಹಾಗೆ ಮಾಡಬಾರದಿತ್ತು, ಗೂಡು ಖಾಲಿ ಇರಬೇಕಿತ್ತು ಅನ್ನುವವರೂ ಇರಬಹುದು. ನಾನು ಮಾಡಿದ್ದೇ ಸರಿ ಅನ್ನುವ ಕಡೆ. ಪುರಾವೆ ಸಾಕಷ್ಟಿತ್ತು. ಇಡೀ ಪೂರ್ವದ ಗೋಡೆಯನ್ನು ಆ ಮೂರ್ತಿಗಾಗಿಯೇ ಕಟ್ಟಿದ ಹಾಗಿದೆ, ಅದಿಲ್ಲದಿದ್ದಾಗ ಆ ಗೋಡೆಗೆ ಅರ್ಥವೇ ಇರಲಿಲ್ಲ.

ಹೋಗುವವರಿಗೆ

ಗ್ದಾನ್ಸ್ಕ್‌ನಿಂದ ಮಾಲ್ಬೊರ್ಕ್‌ಗೆ ರೈಲುಗಳು ಬೇಕಾದಷ್ಟಿವೆ. ಯಾವ ರೈಲು ಅನ್ನುವುದರ ಮೇಲೆ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪುತ್ತೀರಿ. ಸ್ಟೇಷನ್‌ನಿಂದ ಕೋಟೆಗೆ ನಡೆದೇ ಹೋಗಬಹುದು. ಟಿಕೆಟ್ ಜೊತೆ ಕಿವಿಗೆ ಹಾಕಿಕೊಳ್ಳುವ ಆಡಿಯೊ ಗೈಡ್ ಕೊಡುತ್ತಾರೆ. ನೀವು ಯಾವ ಕೋಣೆಯಲ್ಲಿದ್ದೀರೋ ಆ ಕೋಣೆಯ ವಿವರ ತಾನಾಗೇ ಶುರುವಾಗುತ್ತದೆ. ಪೂರ್ತಿ ನೋಡ್ತೀವಿ ಅನ್ನುವವರು ಮೂರೂವರೆ ಗಂಟೆಯಾದರೂ ಇಟ್ಟುಕೊಳ್ಳಿ. ಸೋಮವಾರ ಹೋಗುವುದಾದರೆ ಒಳಗಿನ ಕೋಣೆಗಳು ತೆರೆದಿರುತ್ತವಾ ಅಂತ ಮೊದಲೇ ನೋಡಿಕೊಳ್ಳಿ. ಮೆಟ್ಟಿಲುಗಳು ಬಹಳ, ಕೆಲವು ತುಂಬಾ ಇಕ್ಕಟ್ಟು. ವಯಸ್ಸಾದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ನಡುಕೋಟೆ ಮತ್ತು ಅರಮನೆಯನ್ನು ಮೊದಲು ಮುಗಿಸಿ, ಮೇಲಿನ ಕೋಟೆಯನ್ನು ಅವರ ಕಾಲಿನ ಶಕ್ತಿ ನೋಡಿಕೊಂಡು ತೀರ್ಮಾನಿಸಿ.

ಬೆಳಿಗ್ಗೆ ಬೇಗ ತಲುಪಿದರೆ ಒಳಗೆ ಹೋಗುವ ಮುಂಚೆ ಪೂರ್ವದ ಕಡೆಗೆ ಸುತ್ತು ಹಾಕಿ. ಆಗ ಬಿಸಿಲು ಅಲ್ಲೇ ಇರುತ್ತದೆ. ಗುಂಡಿನ ಏಟು ಹೆಚ್ಚು ಬಿದ್ದದ್ದೂ ಆ ಕಡೆಗೇ, ಹಾಗಾಗಿ ಹೊಸ ಕಟ್ಟಡ ಜಾಸ್ತಿ ಇರುವುದೂ ಅಲ್ಲೇ. ಗೋಡೆಯಲ್ಲಿ ಬಣ್ಣ ಬದಲಾಗುವ ಗೆರೆ ಹುಡುಕಿ. ಕೆಳಗೆ ಅಂಚು ಸವೆದ, ಒಂದೊಂದು ಒಂದೊಂದು ಬಣ್ಣದ ಇಟ್ಟಿಗೆಗಳು. ಮೇಲೆ ಹೋದಂತೆ ಒಂದೇ ಅಳತೆಯ, ಚೂಪು ಅಂಚಿನ, ಒಂದೇ ಕೆಂಪಿನವು. ನಡುವಿನ ಆ ಗೆರೆ ನೇರ ಇರುವುದಿಲ್ಲ, ಹಲ್ಲುಹಲ್ಲಾಗಿ ಏರಿ ಇಳಿಯುತ್ತದೆ. ಗೋಡೆ ಕುಸಿದಾಗ ಎಲ್ಲಿಯವರೆಗೆ ನಿಂತಿತ್ತೋ ಅದೇ ಆ ಗೆರೆ. ಒಳಗೆಲ್ಲ ನೋಡಿ ಮುಗಿಸಿದ ಮೇಲೆ ನೊಗಾತ್ ನದಿಯ ಕಾಲುಸೇತುವೆ ದಾಟಿ ಆಚೆ ದಡಕ್ಕೆ ಹೋಗಿ. ಪಶ್ಚಿಮದ ಮುಖ ಪೂರ್ತಿ ಕಾಣುವುದು ಅಲ್ಲಿಂದ, ಸಂಜೆಯ ಬಿಸಿಲು ಬೀಳುವುದೂ ಆ ಮುಖದ ಮೇಲೆ. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಂಡಿರಿ, ಅಲ್ಲಿ ಕೂತರೆ ಬೇಗ ಏಳಲು ಮನಸ್ಸು ಬರುವುದಿಲ್ಲ.